ಹೋಳ್ಕರರ ಕರ್ನಲ್

ಸಂಸ್ಥಾನಿಕರು ಗವಾಯಿಗಳಿಗೆ, ಜಟ್ಟಿಗಳಿಗೆ, ಚಿತ್ರಕಾರರಿಗೆ ಅನ್ನವಿಟ್ಟು ಸಾಕುತ್ತಿದ್ದ ಕಾಲದಲ್ಲಿ, ಆ ಪಟ್ಟಿಯ ಕೊನೆಗೆ ಇನ್ನೊಂದು ವರ್ಗವೂ ಬಂದು ಸೇರಿತು: ಕ್ರಿಕೆಟ್ ಆಡುವವರು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಪಟಿಯಾಲ, ನವಾನಗರ, ಬರೋಡ, ಇಂದೂರಿನ ಅರಮನೆಗಳು ಪೈಪೋಟಿಗೆ ಬಿದ್ದು ಆಟಗಾರರನ್ನು ಕೂಡಿಸಿಕೊಂಡವು. ವಿಜಯನಗರಂನ ಮಹಾರಾಜಕುಮಾರರು 1930ರ ಚಳಿಗಾಲದಲ್ಲಿ ಜಾಕ್ ಹಾಬ್ಸ್, ಹರ್ಬರ್ಟ್ ಸಟ್‌ಕ್ಲಿಫ್‌ರಂಥ ದಿಗ್ಗಜರನ್ನೇ ಇಂಗ್ಲೆಂಡಿನಿಂದ ಕರೆಸಿ ತಮ್ಮ ತಂಡದಲ್ಲಿ ಆಡಿಸಿದರು. ಹೀಗೆ ಆಶ್ರಯ ಪಡೆದವರಿಗೆ ಸಂಸ್ಥಾನದಲ್ಲಿ ಒಂದು ಹುದ್ದೆ, ಹೆಸರಿನ ಹಿಂದೊಂದು ಪದವಿ, ತಿಂಗಳಿಗೊಂದು ಸಂಬಳ. ಕೆಲಸ ಮಾತ್ರ ಮೈದಾನದಲ್ಲಿ.

1923ರಲ್ಲಿ ಇಂದೂರಿನ ಮಹಾರಾಜ ಮೂರನೆಯ ತುಕೋಜಿರಾವ್ ಹೋಳ್ಕರರು ನಾಗಪುರದ ಇಪ್ಪತ್ತೇಳರ ತರುಣನೊಬ್ಬನನ್ನು ಕರೆಸಿಕೊಂಡು ತಮ್ಮ ಸೈನ್ಯದಲ್ಲಿ ಕ್ಯಾಪ್ಟನ್ ಮಾಡಿದರು. ಆತ ಯುದ್ಧ ಮಾಡಿದವನಲ್ಲ. ಎತ್ತರದ ಆಳು, ಸೆಟೆದ ಬೆನ್ನು, ಮಾತು ಕಡಿಮೆ. ಚೆಂಡನ್ನು ಗಾಳಿಯಲ್ಲಿ ಎತ್ತಿ ಹೊಡೆಯುವುದರಲ್ಲಿ ಅವನ ಸಮಕ್ಕೆ ನಿಲ್ಲುವವರು ಅಂದಿನ ಹಿಂದೂಸ್ಥಾನದಲ್ಲಿ ಇರಲಿಲ್ಲ. ಹೆಸರು ಕೊಟ್ಟಾರಿ ಕನಕಯ್ಯ ನಾಯುಡು. ಮುಂದೆ ಪದವಿ ಏರುತ್ತ ಹೋಗಿ ಕರ್ನಲ್ ನಾಯುಡು ಆದರು. ಜನ ಅಷ್ಟೂ ದಿನ ಕರೆದದ್ದು ‘ಸಿ.ಕೆ.’ ಎಂದೇ.

ಅವರನ್ನು ವೃತ್ತಿಪರ ಆಟಗಾರ ಎನ್ನಬಹುದೇ? ಅಂದಿನ ಇಂಗ್ಲೆಂಡಿನ ಲೆಕ್ಕದಲ್ಲಿ ಈ ಪ್ರಶ್ನೆಗೆ ಬಹಳ ತೂಕವಿತ್ತು. ಅಲ್ಲಿ ಹಣಕ್ಕಾಗಿ ಆಡುವವನು ‘ಪ್ಲೇಯರ್’, ಹಣ ಮುಟ್ಟದೆ ಆಡುವವನು ‘ಜಂಟಲ್‌ಮನ್’. ಇಬ್ಬರಿಗೂ ಬಟ್ಟೆ ಬದಲಾಯಿಸಲು ಬೇರೆ ಬೇರೆ ಕೋಣೆ, ಅನೇಕ ಕಡೆ ಮೈದಾನಕ್ಕಿಳಿಯಲು ಬೇರೆ ಬೇರೆ ಬಾಗಿಲು. ನಾಯಕನಾಗುವ ಯೋಗ್ಯತೆ ಎರಡನೆಯವನಿಗೆ ಮಾತ್ರ ಎಂಬುದು ಅಲ್ಲಿಯ ಅಲಿಖಿತ ಕಾನೂನು. ಸಿ.ಕೆ. ಈ ಎರಡು ಖಾನೆಗಳಲ್ಲಿ ಯಾವುದಕ್ಕೂ ಸಲ್ಲಲಿಲ್ಲ. ಕಡತದಲ್ಲಿ ಅವರು ಸೈನ್ಯಾಧಿಕಾರಿ. ಉಂಡ ಅನ್ನ ಮಾತ್ರ ಆಟದ್ದು. ಈ ಕಥನದ ಎಳೆ ಇರುವುದೇ ಅಲ್ಲಿ: ರಾಜರ ಸಂಬಳಕ್ಕಿದ್ದ ಒಬ್ಬ ಮನುಷ್ಯ ರಾಜರನ್ನು ಪಕ್ಕಕ್ಕೆ ಸರಿಸಿ ದೇಶದ ಮೊದಲ ನಾಯಕನಾದದ್ದು, ಸಿಕ್ಸರುಗಳ ಬಲದಿಂದ.

ನಾಯುಡು ಹುಟ್ಟಿದ್ದು 1895ರ ಅಕ್ಟೋಬರ್ 31ರಂದು, ನಾಗಪುರದಲ್ಲಿ. ಮನೆಮಾತು ತೆಲುಗು. ಅಜ್ಜ ನಾರಾಯಣಸ್ವಾಮಿ ನಾಯುಡು ನಾಗಪುರದಲ್ಲಿ ಹೆಸರಾಂತ ವಕೀಲರು; ತಂದೆ ಸೂರ್ಯಪ್ರಕಾಶ ರಾವ್ ಕೇಂಬ್ರಿಜ್ಜಿನಲ್ಲಿ ಓದಿ ಬಂದು ಹೋಳ್ಕರ ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಉಣ್ಣಲು ಉಡಲು ಕೊರತೆಯಿರದ ಮನೆ. ಹಿಸ್ಲಾಪ್ ಶಾಲೆಯ ಮೈದಾನದಲ್ಲಿ ಆಟ ಕಲಿತ ಹುಡುಗ ದೊಡ್ಡ ಪಂದ್ಯಕ್ಕೆ ಕಾಲಿಟ್ಟದ್ದು 1916ರಲ್ಲಿ, ಮುಂಬಯಿಯ ಚತುಷ್ಕೋನ ಪಂದ್ಯಾವಳಿಯಲ್ಲಿ.

ಆ ಪಂದ್ಯಾವಳಿಯ ಬಗ್ಗೆ ಎರಡು ಮಾತು ಹೇಳಬೇಕು. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು — ಹೀಗೆ ಮತದ ಹೆಸರಿನಲ್ಲಿ ನಾಲ್ಕು ತಂಡಗಳು. ಇಂದು ಓದಿದರೆ ಮುಜುಗರವೆನಿಸುವ ವ್ಯವಸ್ಥೆ. ಅಂದು ಅದಕ್ಕಿಂತ ದೊಡ್ಡ ಕ್ರಿಕೆಟ್ ಈ ದೇಶದಲ್ಲಿ ಇರಲಿಲ್ಲ. ಹಿಂದೂ ತಂಡವನ್ನು ಹೆಗಲ ಮೇಲೆ ಹೊತ್ತು ತಂದ ಎಸೆತಗಾರ ಪಳವಂಕರ ಬಾಳೂ, ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಜಾತಿಯ ಕಾರಣಕ್ಕೆ ಅವರಿಗೆ ನಾಯಕತ್ವ ಕೊಡಲಿಲ್ಲ. ಬಹಳ ಜಗ್ಗಾಟವಾದ ಮೇಲೆ 1923ರಲ್ಲಿ ತಮ್ಮ ವಿಠಲ್‌ಗೆ ಅದು ದಕ್ಕಿತು. ಯಾರು ನಾಯಕ ಎಂಬ ಪ್ರಶ್ನೆ ಆ ಕಾಲದಲ್ಲಿ ಆಟದ ಪ್ರಶ್ನೆಯೇ ಆಗಿರಲಿಲ್ಲ ಎಂಬುದಕ್ಕೆ ಬಾಳೂ ಅವರ ಬದುಕಿಗಿಂತ ಬೇರೆ ಸಾಕ್ಷಿ ಬೇಡ.

1916ರ ಆ ಪಂದ್ಯದಲ್ಲಿ ಎದುರಾಳಿ ಯುರೋಪಿಯನ್ನರು. ಏಳು ವಿಕೆಟ್ ಬಿದ್ದು, ಹಿಂದೂಗಳ ಮೊತ್ತ ಇನ್ನೂ ಎಂಬತ್ತನ್ನು ಮುಟ್ಟದಿದ್ದಾಗ ಒಂಬತ್ತನೆಯ ಕ್ರಮಾಂಕದಲ್ಲಿ ಇಳಿದ ಹೊಸ ಹುಡುಗ ಮೂರು ಎಸೆತಗಳನ್ನು ತಡೆದ. ನಾಲ್ಕನೆಯದನ್ನು ಸಿಕ್ಸರ್‌ಗೆ ಎತ್ತಿದ. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಸಿ.ಕೆ. ನಾಯುಡು ಪಡೆದ ಮೊದಲ ರನ್‌ಗಳು ಆ ಆರು. ಮುಂದಿನ ನಾಲ್ಕು ದಶಕ ಅವರು ಆಡಿದ್ದು ಇದೇ ಕ್ರಮದಲ್ಲಿ: ಮೊದಲು ನೋಡುವುದು, ಆಮೇಲೆ ಹೊಡೆಯುವುದು. ಕಣ್ಣುಮುಚ್ಚಿ ಬೀಸುವವರ ಸಾಲಿಗೆ ಅವರನ್ನು ಸೇರಿಸುವುದು ತಪ್ಪು. ಕಾಲು ಮುಂದಿಟ್ಟು, ಚೆಂಡು ಬಿದ್ದ ಜಾಗಕ್ಕೆ ಹೋಗಿ, ದಾಂಡನ್ನು ಪೂರ್ತಿ ಸುತ್ತಿಸಿ, ಬಹುಪಾಲು ನೇರಕ್ಕೆ, ಎಸೆತಗಾರನ ತಲೆಯ ಮೇಲಿಂದ ಕಳಿಸುವ ಹೊಡೆತ ಅವರದು.

ಇಂದಿನ ಓದುಗರು ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಆ ಕಾಲದ ದಾಂಡು ಹಗುರ, ಅಂಚು ತೆಳು. ಈಗಿನ ದಾಂಡುಗಳಂತೆ ಅಂಚಿಗೆ ತಗುಲಿದ ಚೆಂಡೂ ಹಗ್ಗ ದಾಟುವ ಮಾತಿಲ್ಲ. ತಲೆಗೆ ಹೆಲ್ಮೆಟ್ ಇಲ್ಲ. ಮಳೆ ಬಂದರೆ ಪಿಚ್ಚಿಗೆ ಹೊದಿಕೆ ಇಲ್ಲ, ಬಿಸಿಲು ಬಿದ್ದ ಮೇಲೆ ಅದೇ ಹಸಿ ನೆಲದ ಮೇಲೆ ಆಡಬೇಕು. ಹಗ್ಗ ಹತ್ತಿರಕ್ಕೆ ಎಳೆದು ಸಿಕ್ಸರನ್ನು ಸುಲಭ ಮಾಡುವ ಉಪಾಯವನ್ನು ಅಂದು ಯಾರೂ ಕಂಡಿರಲಿಲ್ಲ. ಹಾಗಿದ್ದೂ ಮದರಾಸಿನ ಚೆಪಾಕ್‌ನಲ್ಲಿ ಅವರು ಹೊಡೆದ ಚೆಂಡೊಂದು ಮೈದಾನ ದಾಟಿ, ಆಚೆ ಐವತ್ತು ಗಜ ದೂರದ ತೆಂಗಿನ ಮರದ ಬಳಿ ಬಿತ್ತು ಎಂದು ಮದರಾಸಿನ ಹಳಬರು ಹೇಳುತ್ತಿದ್ದರು. ಗಜದ ಲೆಕ್ಕದಲ್ಲಿ ಹೆಚ್ಚುಕಡಿಮೆ ಇದ್ದೀತು. ಊರಿನವರು ಒಂದು ಹೊಡೆತವನ್ನು ಮರದ ಗುರುತಿಟ್ಟು ನೆನಪಿಟ್ಟುಕೊಂಡದ್ದಂತೂ ನಿಜ.

ನಂತರ ಬಂತು 1926. ಆರ್ಥರ್ ಗಿಲಿಗನ್ ನಾಯಕತ್ವದಲ್ಲಿ ಇಂಗ್ಲೆಂಡಿನ ಎಂ.ಸಿ.ಸಿ. ತಂಡ ಹಿಂದೂಸ್ಥಾನದ ಪ್ರವಾಸಕ್ಕೆ ಬಂದಿತು. ಮಾರಿಸ್ ಟೇಟ್, ಇವಾರ್ಟ್ ಆಸ್ಟಿಲ್, ಬಾಬ್ ವ್ಯಾಟ್ ಮುಂತಾದವರಿದ್ದ ತಂಡ. ಟೇಟ್ ಅಂದು ಜಗತ್ತಿನ ಮೇಲ್ಪಂಕ್ತಿಯ ಎಸೆತಗಾರ. ನವೆಂಬರ್ ಕೊನೆಯ ದಿನ ಬಾಂಬೆ ಜಿಮ್‌ಖಾನಾದಲ್ಲಿ ಹಿಂದೂಗಳ ವಿರುದ್ಧ ಪಂದ್ಯ ಆರಂಭವಾಯಿತು. ಜಿಮ್‌ಖಾನಾ ಎಂದರೆ ಬಿಳಿಯರ ಕ್ಲಬ್ಬು. ಈ ನೆಲದವರು ಅದರ ಸದಸ್ಯರಾಗುವಂತಿರಲಿಲ್ಲ, ಆಳುಗಳಾಗಿ ಒಳಗೆ ಓಡಾಡಬಹುದಿತ್ತು. ಪಂದ್ಯದ ದಿನಗಳಲ್ಲಿ ಮಾತ್ರ ಮೈದಾನದ ಸುತ್ತ ಡೇರೆಗಳೆದ್ದು ಊರಿನ ಜನ ತುಂಬಿಕೊಳ್ಳುತ್ತಿದ್ದರು.

ಮೊದಲ ದಿನ ಎಂ.ಸಿ.ಸಿ. 363 ರನ್ ಮಾಡಿತು. ಅದರಲ್ಲಿ ಗೈ ಅರ್ಲ್ ಎಂಬ ಸಾಮರ್ಸೆಟ್‌ನ ಧಾಂಡಿಗ ಹೊಡೆದದ್ದು 130, ಬಹುಪಾಲು ಗಾಳಿಯಲ್ಲಿ. ಗೋರ್ಯಾನ ತೋಳಿನ ಶಕ್ತಿ ಎಂದರೆ ಇದು ಎಂದು ಜನ ಬಾಯಿ ಕಳೆದು ನೋಡಿದರು. ಉತ್ತರ ಬಂದದ್ದು ಮರುದಿನ, ಡಿಸೆಂಬರ್ 1ರಂದು. ನಾಯುಡು ಇಳಿದರು. ಎರಡು ಗಂಟೆ ತುಂಬುವ ಮೊದಲೇ 153 ರನ್ ಮಾಡಿ ಔಟಾಗಿ ಹಿಂತಿರುಗಿದರು. ಅವರು ಪಿಚ್ಚಿನಲ್ಲಿದ್ದಾಗ ತಂಡ ಸೇರಿಸಿದ್ದು 187. ಉಳಿದ 34 ಮಾತ್ರ ಮಿಕ್ಕವರ ಮತ್ತು ಇತರೆ ರನ್ನುಗಳ ಪಾಲು. 13 ಬೌಂಡರಿ, 11 ಸಿಕ್ಸರ್. ಅಂದರೆ 153ರಲ್ಲಿ 118 ರನ್‌ಗೆ ಅವರು ಓಡಲೇ ಇಲ್ಲ. ಒಂದು ಹೊಡೆತ ಜಿಮ್‌ಖಾನಾ ಕಟ್ಟಡದ ಮಾಡಿನ ಮೇಲೆ ಹೋಗಿ ಬಿತ್ತು. ಒಳಗೆ ಕಾಲಿಡಲು ಪರವಾನಗಿ ಇಲ್ಲದ ಕ್ಲಬ್ಬಿನ ತಲೆಯ ಮೇಲೆ! ಸುದ್ದಿ ಹಬ್ಬಿದಂತೆ ಜನ ಬಂದು ತುಂಬಿಕೊಂಡರು. ಡೇರೆಗಳಲ್ಲಿ ಜಾಗ ಸಾಲದೆ ಸುತ್ತಲಿನ ಮರ, ಮಾಳಿಗೆಗಳಿಗೆ ಹತ್ತಿದರು.

ಹಿಂದೂಗಳು 356ಕ್ಕೆ ಮುಗಿಸಿದರು, ಏಳು ರನ್ ಹಿಂದೆ. ಪಂದ್ಯ ಯಾರೂ ಗೆಲ್ಲಲಿಲ್ಲ. ಆದರೆ ಎಂ.ಸಿ.ಸಿ.ಯವರು ನಾಯುಡು ಅವರಿಗೆ ಬೆಳ್ಳಿಯ ದಾಂಡೊಂದನ್ನು ಉಡುಗೊರೆ ಕೊಟ್ಟರು. ಇಲ್ಲಿಯ ಆಟ ಟೆಸ್ಟ್ ಮಟ್ಟಕ್ಕೆ ಬಂದಿದೆ, ನಿಮ್ಮದೇ ಮಂಡಳಿ ಕಟ್ಟಿಕೊಳ್ಳಿ ಎಂದು ಗಿಲಿಗನ್ ಹುರಿದುಂಬಿಸಿದರು. 1928ರಲ್ಲಿ ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿ ಹುಟ್ಟಿತು. ಗ್ರಾಂಟ್ ಗೋವನ್ ಅಧ್ಯಕ್ಷರು, ಆಂಥೋನಿ ಡಿಮೆಲ್ಲೋ ಕಾರ್ಯದರ್ಶಿ. ಒಂದು ಇನಿಂಗ್ಸ್‌ನಿಂದ ಮಂಡಳಿ ಹುಟ್ಟಿತು ಎಂದರೆ ಉತ್ಪ್ರೇಕ್ಷೆಯಾದೀತು. ಆ ಇನಿಂಗ್ಸ್ ಇಲ್ಲದಿದ್ದರೆ ಗಿಲಿಗನ್ ಮಾತಿಗೆ ಅಷ್ಟು ಧೈರ್ಯ ಬರುತ್ತಿತ್ತೇ ಎಂಬುದು ನನ್ನ ಅನುಮಾನ.

ಮಂಡಳಿಯಾಯಿತು, ಟೆಸ್ಟ್ ಮಾನ್ಯತೆಯೂ ಬಂತು. 1932ರ ಇಂಗ್ಲೆಂಡ್ ಪ್ರವಾಸಕ್ಕೆ ತಂಡ ಆರಿಸುವ ಹೊತ್ತಿಗೆ ಪ್ರಶ್ನೆ ಮತ್ತೆ ಅಲ್ಲಿಗೇ ಬಂದು ನಿಂತಿತು: ಮುಂದಾಳು ಯಾರು? ಅಂದಿನವರ ತಿಳಿವಳಿಕೆಯಲ್ಲಿ ಉತ್ತರ ಸರಳ. ಯಾರಾದರೊಬ್ಬ ಮಹಾರಾಜ. ಪಟಿಯಾಲದ ಭೂಪಿಂದರ್ ಸಿಂಗ್ ಹೆಸರು ಬಂತು. ಅವರು ಹಿಂದೆ ಸರಿದರು. ವಿಜಯನಗರಂನವರಿಗೂ ಒಂದು ಪದವಿ ಸೃಷ್ಟಿಸಿ ಕೊಟ್ಟರು, ಅವರೂ ಹೋಗಲಿಲ್ಲ. ಕೊನೆಗೆ ಪೋರಬಂದರಿನ ಮಹಾರಾಜರು ನಾಯಕ, ಅವರ ಭಾವಮೈದುನ ಲಿಂಬ್ಡಿಯ ಘನಶ್ಯಾಮಸಿಂಹಜಿ ಉಪನಾಯಕ ಎಂದಾಯಿತು. ಪೋರಬಂದರರು ಪ್ರವಾಸದಲ್ಲಿ ಹೊಡೆದ ರನ್‌ಗಳಿಗಿಂತ ಅವರ ಬಳಿಯಿದ್ದ ರೋಲ್ಸ್‌ರಾಯ್ಸ್ ಕಾರುಗಳೇ ಹೆಚ್ಚು ಎಂಬ ಕುಹಕ ಇಂದಿಗೂ ಓಡಾಡುತ್ತಿದೆ. ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ತಮ್ಮ ಆಟದ ಯೋಗ್ಯತೆ ಎಷ್ಟೆಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದುದನ್ನು ಒಪ್ಪಿಕೊಳ್ಳುವ ದೊಡ್ಡತನವೂ ಇತ್ತು. ಅವರು ತಾವಾಗಿ ಪಕ್ಕಕ್ಕೆ ಸರಿದರು. ಲಿಂಬ್ಡಿಯವರಿಗೆ ಪೆಟ್ಟಾಗಿತ್ತು. ಉಳಿದವರು ಸಿ.ಕೆ.

ಆ ವೇಳೆಗೆ ಅವರು ನಾಯಕತ್ವವನ್ನು ಬೆವರಿನಿಂದಲೇ ಗಳಿಸಿಯಾಗಿತ್ತು. ಮೇ ತಿಂಗಳಲ್ಲಿ ಲಾರ್ಡ್ಸ್‌ನಲ್ಲೇ ಎಂ.ಸಿ.ಸಿ. ವಿರುದ್ಧ ಔಟಾಗದೆ 118. ಆದರೂ ಟೆಸ್ಟ್‌ನ ಹಿಂದಿನ ರಾತ್ರಿ ಕೆಲವು ಆಟಗಾರರು, ನಾಯುಡು ಕೈಕೆಳಗೆ ನಾವು ಆಡುವುದಿಲ್ಲ ಎಂದು ಗುಂಪು ಕಟ್ಟಿದರಂತೆ. ಪೋರಬಂದರರು ಗದರಿ ದಾರಿಗೆ ತಂದರಂತೆ. ಕಾರಣ ಊಹಿಸುವುದು ಕಷ್ಟವಲ್ಲ. ಮಹಾರಾಜನೊಬ್ಬನಿಗೆ ಕೈಕಟ್ಟಿ ನಿಲ್ಲುವುದು ಆ ಹುಡುಗರಿಗೆ ರೂಢಿ. ತಮ್ಮ ಹಾಗೆಯೇ ಸಂಬಳಕ್ಕಿದ್ದವನು, ಅದರಲ್ಲೂ ನಗುಮುಖವಿಲ್ಲದ ಕಟ್ಟುನಿಟ್ಟಿನ ಮನುಷ್ಯ, ಅಪ್ಪಣೆ ಕೊಟ್ಟರೆ ತಡೆದುಕೊಳ್ಳುವುದು ಕಷ್ಟ.

1932ರ ಜೂನ್ 25, ಶನಿವಾರ. ಲಾರ್ಡ್ಸ್ ಮೈದಾನಕ್ಕೆ ಹಿಂದೂಸ್ಥಾನದ ಮೊದಲ ಟೆಸ್ಟ್ ತಂಡವನ್ನು ನಾಯುಡು ಇಳಿಸಿದರು. ಎದುರಿಗೆ ಇಂಗ್ಲೆಂಡಿನ ನಾಯಕ ಡಗ್ಲಸ್ ಜಾರ್ಡಿನ್. ಮೊದಲ ಅರ್ಧ ಗಂಟೆಯಲ್ಲೇ ಮೊಹಮ್ಮದ್ ನಿಸಾರ್ ಹೋಮ್ಸ್ ಮತ್ತು ಸಟ್‌ಕ್ಲಿಫ್ ಇಬ್ಬರ ಸ್ಟಂಪುಗಳನ್ನೂ ಕಿತ್ತರು. ಲಾಲ್ ಸಿಂಗ್ ಓಡಿಬಂದು ಎಸೆದ ಚೆಂಡಿಗೆ ವೂಲಿ ರನೌಟ್. ಇಂಗ್ಲೆಂಡ್ 19ಕ್ಕೆ 3. ಆಮೇಲೆ ಜಾರ್ಡಿನ್ ಬಂಡೆಯಾಗಿ ನಿಂತು 79 ಮತ್ತು ಔಟಾಗದೆ 85 ಮಾಡಿ ಪಂದ್ಯವನ್ನು ಎಳೆದುಕೊಂಡರು. ಫೀಲ್ಡಿಂಗ್ ಮಾಡುವಾಗ ಕೈಗೆ ಬಲವಾದ ಪೆಟ್ಟು ತಿಂದಿದ್ದ ನಾಯುಡು ಅದೇ ಕೈಯಲ್ಲಿ ದಾಂಡು ಹಿಡಿದು 40 ರನ್ ಮಾಡಿದರು. ಮೊದಲ ಇನಿಂಗ್ಸ್‌ನಲ್ಲಿ ತಂಡದ ಪರ ಅದಕ್ಕಿಂತ ಹೆಚ್ಚು ಯಾರೂ ಮಾಡಲಿಲ್ಲ. 158 ರನ್‌ಗಳ ಸೋಲು. ಆ ಹನ್ನೊಂದು ಮಂದಿಯಲ್ಲಿ ಫಿರೋಜ್ ಪಾಲಿಯಾ ಎಂಬ ಪಾರ್ಸಿ ಆಟಗಾರರೂ ಇದ್ದರು. ಅವರು ಮುಂದೆ ಮೈಸೂರಿಗೂ ಆಡಿ, ಕೊನೆಗೆ ಬೆಂಗಳೂರಿನಲ್ಲೇ ತೀರಿಕೊಂಡರು.

ಸ್ವತಃ ಇಂಗ್ಲೆಂಡ್, ಸಂಬಳಕ್ಕೆ ಆಡುವ ವೃತ್ತಿಪರನೊಬ್ಬನನ್ನು, ಲೆನ್ ಹಟನ್ ಅವರನ್ನು, ತನ್ನ ಟೆಸ್ಟ್ ತಂಡದ ನಾಯಕನನ್ನಾಗಿ ಮಾಡಿದ್ದು 1952ರಲ್ಲಿ. ಹೋಳ್ಕರರ ನೌಕರ ಲಾರ್ಡ್ಸ್‌ನಲ್ಲಿ ಟಾಸ್‌ಗೆ ನಿಂತು ಇಪ್ಪತ್ತು ವರ್ಷ ಕಳೆದ ಮೇಲೆ.

ಆ ಬೇಸಿಗೆಯಲ್ಲಿ ನಾಯುಡು ಪ್ರಥಮ ದರ್ಜೆ ಪಂದ್ಯಗಳಲ್ಲಿ 1,618 ರನ್ ಮಾಡಿ 65 ವಿಕೆಟ್ ಕಿತ್ತರು. ಪ್ರವಾಸದ ಉದ್ದಕ್ಕೂ ಹೊಡೆದ ಸಿಕ್ಸರುಗಳು 32. ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ವಾರಿಕ್‌ಷೈರ್ ವಿರುದ್ಧ 162 ಮಾಡಿದಾಗ ಒಂದು ಚೆಂಡು ಮೈದಾನದ ಪಕ್ಕದ ರೀ ಎಂಬ ಸಣ್ಣ ನದಿಯನ್ನು ದಾಟಿತು. ಆ ನದಿ ಹಿಂದೆ ಎರಡು ಜಿಲ್ಲೆಗಳ ಗಡಿಯಾಗಿತ್ತು. ಹಾಗಾಗಿ ನಾಯುಡು ಚೆಂಡನ್ನು ವಾರಿಕ್‌ಷೈರ್‌ನಿಂದ ವೂಸ್ಟರ್‌ಷೈರ್‌ಗೆ ಕಳಿಸಿದರು ಎಂಬ ಮಾತು ಹುಟ್ಟಿಕೊಂಡಿತು. ಮರುವರ್ಷದ ವಿಸ್ಡನ್ ಗ್ರಂಥ ವರ್ಷದ ಐವರು ಆಟಗಾರರಲ್ಲಿ ಅವರನ್ನೂ ಹೆಸರಿಸಿತು. ಅದಕ್ಕೆ ಮೊದಲು ಆ ಗೌರವ ಪಡೆದ ರಣಜಿ, ದುಲೀಪ್, ಪಟೌಡಿ ಮೂವರೂ ಇಂಗ್ಲೆಂಡಿನ ತಂಡಗಳಿಗೆ ಆಡಿ ಪಡೆದವರು. ಹಿಂದೂಸ್ಥಾನದ ತಂಡದಿಂದ ಹೋಗಿ ಪಡೆದ ಮೊದಲಿಗರು ಸಿ.ಕೆ.

1933ರ ಕೊನೆಗೆ ಜಾರ್ಡಿನ್ ತಂಡ ಇಲ್ಲಿಗೆ ಬಂದಾಗ ಮೂರು ಟೆಸ್ಟ್‌ಗಳಿಗೂ ನಾಯುಡು ಅವರೇ ನಾಯಕ. ಈ ನೆಲದ ಮೊದಲ ಟೆಸ್ಟ್ ನಡೆದದ್ದು ಅದೇ ಬಾಂಬೆ ಜಿಮ್‌ಖಾನಾದಲ್ಲಿ. ಲಾಲಾ ಅಮರನಾಥ್ ತಮ್ಮ ಮೊದಲ ಟೆಸ್ಟ್‌ನಲ್ಲೇ 118 ಬಾರಿಸಿದಾಗ ಇನ್ನೊಂದು ತುದಿಯಲ್ಲಿ 67 ರನ್ ಮಾಡುತ್ತ ಹಿಡಿದು ನಿಂತವರು ನಾಯಕರು. ಇಬ್ಬರೂ ಕೂಡಿಸಿದ್ದು 186. ಗ್ರಂಥಗಳು ಅಮರನಾಥರ ಶತಕವನ್ನು ಕೊಂಡಾಡುತ್ತವೆ, ಕೊಂಡಾಡಬೇಕಾದದ್ದೇ. ಹೊಡೆಯುವುದೇ ಹುಟ್ಟುಗುಣವಾದವನು ಇನ್ನೊಬ್ಬನಿಗೆ ಹೊಡೆಯಲು ಬಿಟ್ಟು ನಿಲ್ಲುವುದು ಎಷ್ಟು ಕಷ್ಟ ಎಂಬುದು ಆಟ ಬಲ್ಲವರಿಗೆ ಗೊತ್ತು. ಮುಂಬಯಿಯಲ್ಲಿ ಸೋಲು, ಕಲಕತ್ತೆಯಲ್ಲಿ ಡ್ರಾ, ಮದರಾಸಿನಲ್ಲಿ ಸೋಲು.

1936ರ ಕತೆ ಬೇರೆ. ಈ ಸಲ ವಿಜಯನಗರಂನ ಮಹಾರಾಜಕುಮಾರರು, ಜನರ ಬಾಯಲ್ಲಿ ‘ವಿಝಿ’, ಹಟ ಹಿಡಿದು ನಾಯಕತ್ವ ಗಿಟ್ಟಿಸಿಕೊಂಡರು. ಪೋರಬಂದರರಿಗಿದ್ದ ವಿವೇಕ ಇವರಿಗಿರಲಿಲ್ಲ. ಮೂರೂ ಟೆಸ್ಟ್‌ಗಳಲ್ಲಿ ತಾವೇ ಇಳಿದರು. ನಾಯುಡು ಎಂದರೆ ಅವರಿಗಾಗದು. ಬೆಳಗಿನ ತಿಂಡಿಯ ಮೇಜಿನಲ್ಲಿ ನಾಯುಡು ಅವರನ್ನು ಅವಮಾನಿಸಿದ ಒಬ್ಬ ಆಟಗಾರನಿಗೆ ಬಹುಮಾನವಾಗಿ ಟೆಸ್ಟ್ ತಂಡದಲ್ಲಿ ಜಾಗ ಸಿಕ್ಕಿತು ಎಂಬ ಮಾತು ಆ ಪ್ರವಾಸದ ಬಗ್ಗೆ ಬರೆದವರೆಲ್ಲ ಹೇಳುವಂಥದು. ಅಮರನಾಥರನ್ನು ಶಿಸ್ತಿನ ನೆಪ ಒಡ್ಡಿ ನಡುವೆಯೇ ಹಡಗು ಹತ್ತಿಸಿ ಕಳಿಸಿದರು. ಇಷ್ಟೆಲ್ಲದರ ನಡುವೆ ವಿಝಿಗೆ ‘ಸರ್’ ಪದವಿ ಬಂತು, ಪ್ರವಾಸ ಮುಗಿಯುವ ಮೊದಲೇ! ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಸರ್ ಜಾನ್ ಬೋಮಾಂಟ್ ವಿಚಾರಣೆ ನಡೆಸಿ ಕೊಟ್ಟ ವರದಿ ಆ ನಾಯಕತ್ವವನ್ನು ಕಟುವಾಗಿಯೇ ಟೀಕಿಸಿತು.

ಆ ಬೇಸಿಗೆಯ ಕೊನೆಯ ಟೆಸ್ಟ್ ಓವಲ್‌ನಲ್ಲಿ. ನಾಯುಡು ಅವರ ಜೀವನದ ಕೊನೆಯ ಟೆಸ್ಟ್ ಕೂಡ ಅದೇ. ವಯಸ್ಸು ನಲವತ್ತು. ಎರಡನೇ ಇನಿಂಗ್ಸ್‌ನಲ್ಲಿ ಗಬ್ಬಿ ಆಲನ್ ಹಾಕಿದ ವೇಗದ ಚೆಂಡು ಎದ್ದು ಬಂದು ಹೊಟ್ಟೆಗೆ ಬಡಿಯಿತು. ದಾಂಡು ಕೈಯಿಂದ ಜಾರಿ ಬಿತ್ತು. ಮೈ ಬಾಗಿತು. ಹೊರಗೆ ಹೋಗಿ ಸುಧಾರಿಸಿಕೊಳ್ಳಲು ಅವರು ಒಪ್ಪಲಿಲ್ಲ. ದಾಂಡನ್ನು ಎತ್ತಿಕೊಂಡು ಮತ್ತೆ ನಿಂತರು. ಆ ದಿನ ಮಾಡಿದ 81 ಅವರ ಟೆಸ್ಟ್ ಬಾಳಿನ ಅತಿ ದೊಡ್ಡ ಮೊತ್ತ. ಆಲನ್ ಏಳು ವಿಕೆಟ್ ಕಿತ್ತು ಪಂದ್ಯ ಗೆದ್ದುಕೊಟ್ಟರು. ಒಟ್ಟು ಏಳು ಟೆಸ್ಟ್, 350 ರನ್, ಸರಾಸರಿ ಸರಿಯಾಗಿ 25. ಆಮೇಲೆ ಎರಡನೇ ಮಹಾಯುದ್ಧ ಬಂತು, ಟೆಸ್ಟ್ ಕ್ರಿಕೆಟ್ ನಿಂತಿತು. ಅಷ್ಟಕ್ಕೇ ಕತೆ ಮುಗಿದಿದ್ದರೆ ಸಿ.ಕೆ. ನಾಯುಡು ಮೊದಲ ನಾಯಕ ಎಂಬ ಒಂದು ಸಾಲಿನಲ್ಲಿ ಉಳಿದುಹೋಗುತ್ತಿದ್ದರು.

ಮುಗಿಯಲಿಲ್ಲ. ಇಂದೂರಿನ ಗದ್ದಿಗೆಗೆ ಅಷ್ಟರಲ್ಲಿ ಯಶವಂತರಾವ್ ಹೋಳ್ಕರರು ಬಂದಿದ್ದರು. 1941ರಿಂದ ಹೋಳ್ಕರ ತಂಡ ತನ್ನದೇ ಹೆಸರಿನಲ್ಲಿ ರಣಜಿ ಟ್ರೋಫಿಗೆ ಇಳಿಯಿತು. ಕರ್ನಲ್ ಸಾಹೇಬರು ನಾಯಕ. ಪೊಲೀಸ್ ಅಧಿಕಾರಿಯ ಮಗ ಮುಷ್ತಾಕ್ ಅಲಿಯನ್ನು ಅವರು ಇಂದೂರಿನಲ್ಲಿ ಹುಡುಗನಾಗಿದ್ದಾಗಲೇ ಗುರುತಿಸಿ ತಿದ್ದಿದ್ದರು. ತಮ್ಮ ಸಿ.ಎಸ್. ನಾಯುಡು, ಚಂದು ಸರವಟೆ, ನಿಂಬಾಳ್ಕರ್, ಜಗದಾಳೆ ಎಲ್ಲರೂ ಅರಮನೆಯ ಸಂಬಳದ ಪಟ್ಟಿಯಲ್ಲಿ ಸೇರಿದವರು. ಯುದ್ಧದ ಕೆಲಸಕ್ಕೆ ಇಲ್ಲಿಗೆ ಬಂದಿದ್ದ ಇಂಗ್ಲೆಂಡಿನ ಆಟಗಾರ ಡೆನಿಸ್ ಕಾಂಪ್ಟನ್ ಕೂಡ 1944-45ರ ಫೈನಲ್‌ನಲ್ಲಿ ಹೋಳ್ಕರಕ್ಕೆ ಆಡಿ ಔಟಾಗದೆ 249 ಮಾಡಿದರು. ನೂರು ದಾಟಿದ ಮೇಲೆ ಒಂದೊಂದು ರನ್‌ಗೂ ಹಣ ಕೊಡುತ್ತೇನೆಂದ ಸಾಹುಕಾರನೊಬ್ಬ ಆಟ ಮುಗಿಯುವ ಹೊತ್ತಿಗೆ ಊರಿನಲ್ಲೇ ಇರಲಿಲ್ಲವಂತೆ! ಅದೇ ಪಂದ್ಯದಲ್ಲಿ ಸಿ.ಎಸ್. ಎಸೆದದ್ದು 917 ಎಸೆತ. ಅಣ್ಣ ಚೆಂಡು ಕೊಟ್ಟರೆ ತಮ್ಮ ಸಾಕು ಎನ್ನುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಮರುವರ್ಷ, 1945-46ರ ಸೆಮಿಫೈನಲ್‌ಗೆ ಇಂದೂರಿಗೆ ಹೋದದ್ದು ನಮ್ಮ ಮೈಸೂರು. ಆ ಪಂದ್ಯವನ್ನು ಮೈಸೂರಿನವರು ಮರೆಯಲು ಎಷ್ಟು ಪ್ರಯತ್ನಿಸಿದರೂ ದಾಖಲೆಯ ಪುಸ್ತಕ ಬಿಡುವುದಿಲ್ಲ. ಹೋಳ್ಕರ ಎಂಟು ವಿಕೆಟ್‌ಗೆ 912 ರನ್ ಮಾಡಿ ಡಿಕ್ಲೇರ್ ಮಾಡಿತು. ಆರು ಮಂದಿ ಶತಕ ಹೊಡೆದರು: ಭಂಡಾರ್ಕರ್ 142, ಸರವಟೆ 101, ಜಗದಾಳೆ 164, ಸಿ.ಕೆ. ನಾಯುಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100. ಒಂದೇ ಇನಿಂಗ್ಸ್‌ನಲ್ಲಿ ಆರು ಶತಕ ಪ್ರಥಮ ದರ್ಜೆ ಕ್ರಿಕೆಟ್ಟಿನ ಇತಿಹಾಸದಲ್ಲೇ ಇನ್ನೊಂದಿಲ್ಲ. ಐವತ್ತು ತುಂಬಿದ ನಾಯಕ ಅವರಲ್ಲಿ ಒಬ್ಬರು.

ಈ ಕಡೆಯ ಕತೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಚಿಕ್ಕಮಗಳೂರಿನಲ್ಲಿ ಹುಟ್ಟಿದ ಲೆಗ್‌ಸ್ಪಿನ್ನರ್ ಬಿ.ಕೆ. ಗರುಡಾಚಾರ್ ಆ ಬಿಸಿಲಿನಲ್ಲಿ 69 ಓವರ್ ಎಸೆದರು. 301 ರನ್ ತೆತ್ತು 4 ವಿಕೆಟ್ ಪಡೆದರು. ಅಷ್ಟು ಸವೆದ ಮನುಷ್ಯ ಎರಡನೇ ಇನಿಂಗ್ಸ್‌ಗೆ ದಾಂಡು ಹಿಡಿದು ಬಂದು 164 ರನ್ ಹೊಡೆದರು. ಮೈಸೂರಿನ ಮೊತ್ತ ಐನೂರು ದಾಟಿತು. ಪಂದ್ಯ ಉಳಿಯಲಿಲ್ಲ, ಮಾನ ಉಳಿಯಿತು. ಗರುಡಾಚಾರ್ 2016ರಲ್ಲಿ, ನೂರರ ಹೊಸ್ತಿಲಲ್ಲಿ, ತೀರಿಕೊಂಡರು. ಅಂದು ಇಂದೂರಿನಲ್ಲಿ ಇವರಿಗೆ ಎದುರಾಗಿ ನಿಂತ ನಾಯುಡು ಅದೇ ಋತುವಿನ ಫೈನಲ್‌ನಲ್ಲಿ ಬರೋಡದ ಮೇಲೆ 200 ಮಾಡಿದರು. ಅವರ ಬಾಳಿನ ಒಂದೇ ಒಂದು ದ್ವಿಶತಕ ಅದು. ಟ್ರೋಫಿ ಮೊದಲ ಬಾರಿ ಹೋಳ್ಕರದ ಪಾಲಾಯಿತು.

ಆ ತಂಡ ಹತ್ತು ಸಲ ಫೈನಲ್ ತಲುಪಿ ನಾಲ್ಕು ಸಲ ಗೆದ್ದಿತು. ಸಂಸ್ಥಾನವೇ 1948ರಲ್ಲಿ ಮಧ್ಯಭಾರತದಲ್ಲಿ ಲೀನವಾಗಿದ್ದರೂ ತಂಡಕ್ಕೆ ಹೋಳ್ಕರ ಎಂಬ ಹೆಸರು ಇನ್ನೂ ಕೆಲವು ವರ್ಷ ಉಳಿಯಿತು. 1951-52ರ ಫೈನಲ್‌ನಲ್ಲಿ ಮುಂಬಯಿಯ ದತ್ತು ಫಡ್ಕರ್ ಎಸೆದ ಬೌನ್ಸರ್ ಐವತ್ತಾರರ ಕರ್ನಲ್ ಬಾಯಿಗೆ ಬಡಿದು ಹಲ್ಲು ಮುರಿಯಿತು. ಅವರು ಹಲ್ಲಿನ ಚೂರನ್ನು ಪಿಚ್ಚಿನಿಂದ ದಾಂಡಿನಲ್ಲೇ ಸರಿಸಿ, ಮೆಲ್ಲಗೆ ಹಾಕಲು ಹೊರಟ ಫಡ್ಕರ್‌ಗೆ ಮೊದಲಿನ ಹಾಗೆಯೇ ವೇಗವಾಗಿ ಹಾಕು ಎಂದರು ಎಂದು ಕಂಡವರು ಹೇಳಿದ್ದಾರೆ. ಆಟಗಾರರಿಗೆ ಅವರ ಮೇಲೆ ಪ್ರೀತಿಗಿಂತ ಭಯ ಹೆಚ್ಚಿತ್ತು ಎಂಬ ಮಾತಿದೆ. ನೋವು ಎನ್ನುವುದನ್ನು ತಾನು ಒಪ್ಪದವನು ಬೇರೆಯವರ ನೋವನ್ನೂ ಸುಲಭಕ್ಕೆ ಒಪ್ಪಲಾರ. ಆ ಗುಣವನ್ನು ನಾನು ಹೊಗಳಲಾರೆ. ಅದಿಲ್ಲದೆ ಆ ತಂಡ ಆ ಎತ್ತರಕ್ಕೆ ಹೋಗುತ್ತಿರಲಿಲ್ಲ ಎಂಬುದನ್ನು ಅಲ್ಲಗಳೆಯಲೂ ಆರೆ.

ಆಶ್ರಯದಾತರು ಹೋದ ಮೇಲೂ ಅವರು ಆಡುತ್ತಲೇ ಇದ್ದರು. 1953-54ರಲ್ಲಿ ಆಂಧ್ರ ತಂಡ ರಣಜಿಗೆ ಕಾಲಿಟ್ಟಾಗ ಅದರ ನಾಯಕ. 1956-57ರಲ್ಲಿ, ಅರವತ್ತೊಂದು ತುಂಬಿದ ಮೇಲೆ, ಉತ್ತರ ಪ್ರದೇಶದ ನಾಯಕ. 1963ರಲ್ಲಿ ಅರವತ್ತೆಂಟರ ವಯಸ್ಸಿನಲ್ಲಿ ನಿಧಿ ಸಂಗ್ರಹದ ಪಂದ್ಯವೊಂದಕ್ಕೆ ಪ್ಯಾಡು ಕಟ್ಟಿದ್ದೇ ಕೊನೆ. 1916ರಿಂದ ಎಣಿಸಿದರೆ ಆರು ದಶಕಗಳನ್ನು ಮುಟ್ಟಿದ ಆಟ: 207 ಪ್ರಥಮ ದರ್ಜೆ ಪಂದ್ಯ, 11,825 ರನ್, 26 ಶತಕ, 411 ವಿಕೆಟ್. ನಡುವೆ ಆಯ್ಕೆ ಸಮಿತಿಯಲ್ಲಿ ಕುಳಿತರು, ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಟ್ಟರು. ಮಗಳು ಚಂದ್ರಾ ಮುಂದೆ ದೇಶದ ಮೊದಲ ಮಹಿಳಾ ವೀಕ್ಷಕ ವಿವರಣೆಗಾರ್ತಿಯಾದರು. 1941ರಲ್ಲಿ ಬಾತ್‌ಗೇಟ್ ಲಿವರ್ ಟಾನಿಕ್ಕಿನ ಜಾಹೀರಾತಿಗೆ ತಮ್ಮ ಹೆಸರು ಕೊಟ್ಟದ್ದೂ ಉಂಟು. ಈ ದೇಶದ ಆಟಗಾರನೊಬ್ಬ ಸರಕು ಮಾರಿಕೊಟ್ಟದ್ದು ಅದೇ ಮೊದಲು. 1956ರಲ್ಲಿ ಸರ್ಕಾರ ಪದ್ಮಭೂಷಣ ಕೊಟ್ಟಿತು, ಕ್ರಿಕೆಟಿಗನೊಬ್ಬನಿಗೆ ಮೊದಲ ಬಾರಿಗೆ. 1967ರ ನವೆಂಬರ್ 14ರಂದು ಇಂದೂರಿನಲ್ಲಿ ತೀರಿಕೊಂಡರು.

ಟೆಸ್ಟ್‌ನಲ್ಲಿ 25ರ ಸರಾಸರಿ ಇರುವ ಆಟಗಾರನಿಗೆ ಇಷ್ಟು ಪುಟ ಯಾಕೆ ಎಂದು ಅಂಕಿ ನೋಡುವವರು ಕೇಳಬಹುದು. ಮಂಡಳಿ 1994ರಲ್ಲಿ ಜೀವಮಾನದ ಸಾಧನೆಗೊಂದು ಪ್ರಶಸ್ತಿ ಸ್ಥಾಪಿಸಿದಾಗ ಅದಕ್ಕೆ ಕರ್ನಲ್ ಸಿ.ಕೆ. ನಾಯುಡು ಹೆಸರಿಟ್ಟಿತು. ಮೊದಲು ಪಡೆದವರು ಜಿಮ್‌ಖಾನಾದ ಆ ಜೊತೆಗಾರ ಲಾಲಾ ಅಮರನಾಥ್. ನಮ್ಮ ಸಯ್ಯದ್ ಕಿರ್ಮಾನಿ 2015ರ ಸಾಲಿನದನ್ನು ಪಡೆದರು. ರಣಜಿ, ದುಲೀಪ್, ವಿಝಿ — ಅರಮನೆಯವರ ಹೆಸರಿನಲ್ಲಿ ಕಪ್ಪುಗಳಿವೆ. ಈ ದೇಶದ ಕ್ರಿಕೆಟ್ ಒಬ್ಬ ಆಟಗಾರನಿಗೆ ಕೊಡಬಹುದಾದ ಅತಿ ದೊಡ್ಡ ಗೌರವ ಮಾತ್ರ ಅರಮನೆಯ ಸಂಬಳಕ್ಕಿದ್ದವರ ಹೆಸರಿನಲ್ಲಿದೆ.